ಮೌಂಟನ್ ವ್ಯೂದಲ್ಲಿ ಹಾಡಿ ಅತ್ತದ್ದು

ನವೆಂಬರ್ ೪, ಸೋಮವಾರ. ಬೆಳಿಗ್ಗೆ

ಮೊಮ್ಮಗಳು ಮಾನ್ಯಾಳ ಡಬ್ಬಿಗೆ ಚಪಾತಿ ಸುತ್ತಿ ಕೊಟ್ಟೆ. ಒಳಗೆ ತುಪ್ಪ, ಸಕ್ಕರೆ. ಅವಳನ್ನು ಶಾಲೆಗೆ ಬಿಟ್ಟು ಅಳಿಯ ತೇಜಸ್ವಿ ಆಫೀಸಿಗೆ ಹೋದ. ಡಿಶ್‌ವಾಷರು ಖಾಲಿ ಇತ್ತು, ಆದರೂ ಪಾತ್ರೆ ಕೈಯಲ್ಲೇ ತೊಳೆದೆ. ಕೈಗೆ ಏನಾದರೂ ಬೇಕು.

ನಿನ್ನೆ ಅವನು, ಸುಮನ್ ಹಾಕಿಕೊಳ್ಳುತ್ತಿದ್ದ ಕೋಟು, ಸ್ವೆಟರು ಎಲ್ಲ ಕಪ್ಪು ಚೀಲಕ್ಕೆ ತುಂಬಿ ಡೊನೇಶನ್ನಿಗೆ ಕೊಟ್ಟು ಬಂದ. ನನ್ನನ್ನು ಒಂದು ಮಾತು ಕೇಳಲಿಲ್ಲ. ಸಂಜೆ ಬಾಗಿಲ ಹತ್ತಿರ ನೋಡಿದೆ, ಅವಳ ಚಪ್ಪಲಿಯೂ ಇಲ್ಲ. ಹಿತ್ತಲಲ್ಲಿ ಗಿಡಕ್ಕೆ ನೀರು ಬಿಡುವಾಗ ಹಾಕುತ್ತಿದ್ದದ್ದು. ಹಿಮ್ಮಡಿ ಸವೆದದ್ದು. ಅದನ್ನು ಯಾರು ಹಾಕಿಕೊಳ್ಳುತ್ತಾರೆ? ಅದನ್ನೂ ಕೊಡಬೇಕಿತ್ತೇ?

ಕೇಳಿದೆ. ಮಾನ್ಯಾಗೋಸ್ಕರ ಅಂದ. ಮನೆ ನಾರ್ಮಲ್ ಆಗಬೇಕಂತೆ.

ಸುಮನ್ ನನ್ನ ಮಗಳು. ಆಗಸ್ಟಿನಲ್ಲಿ ಹೋದಳು. ಅವಳ ಆರೈಕೆಗೆ ಎಂದು ಜೂನ್ ತಿಂಗಳಲ್ಲಿ ಅಮೆರಿಕಾಕ್ಕೆ ಬಂದೆ, ಮಣ್ಣಿಗೆ ಎಂದು ಉಳಿದೆ. ಮಣ್ಣು ಎಲ್ಲಿ ಬಂತು! ನಮ್ಮಲ್ಲಿ ಹೂಳುತ್ತೇವೆ. ಇಲ್ಲಿ ಅಳಿಯನ ಕಡೆಯವರ ಪದ್ಧತಿ ಎಂದು ಸುಟ್ಟರು. ಅದಕ್ಕೂ ಸುಮ್ಮನಿದ್ದೆ. ಹಾಲ್ ಗಂಟೆಯ ಲೆಕ್ಕದಲ್ಲಿ ಸಿಕ್ಕಿತ್ತು. ಎಲ್ಲರೂ ಕಪ್ಪು ಬಟ್ಟೆ, ಕೈ ಕಟ್ಟಿಕೊಂಡು ಕುರ್ಚಿಯ ಮೇಲೆ. ಪೆಟ್ಟಿಗೆಯ ಹತ್ತಿರ ಹೋಗಿ ಅವಳ ಕೆನ್ನೆ ಮುಟ್ಟಿದೆ, ಬಾಯಿ ತೆರೆದೆ. ಇನ್ನೂ ಒಂದು ಸೊಲ್ಲು ಆಗಿರಲಿಲ್ಲ, ತೇಜಸ್ವಿ ಬಂದು ತೋಳು ಹಿಡಿದ. ಅತ್ತೆ, ಇಲ್ಲಿ ಬೇಡ, ಎಲ್ಲರೂ ನೋಡ್ತಿದಾರೆ ಅಂದ. ಸೆರಗು ಬಾಯಿಗೆ ತುರುಕಿಕೊಂಡೆ.

ನಮ್ಮ ಗಜೇಂದ್ರಗಡದ ಕಡೆ ಹೆಂಗಸರು ಹಾಡ್ಯಾಡಿ ಅಳುತ್ತಾರೆ. ಸತ್ತವರು ಏನು ಮಾಡಿದರು, ಏನು ಉಂಡರು, ಯಾರನ್ನು ಬಿಟ್ಟು ಹೋದರು, ಒಬ್ಬೊಬ್ಬರ ಹೆಸರು ಎತ್ತಿ. ಹಾಗೆ ಅತ್ತರೇ ಹೋದವರಿಗೆ ಒಂದು ಗೌರವ. ನನ್ನ ಗಂಡನಿಗೆ ಅತ್ತಿದ್ದೇನೆ. ನನ್ನ ಅವ್ವನಿಗೆ ಅತ್ತಿದ್ದೇನೆ. ಬದಿಯ ಮನೆಯ ಮುದುಕಿಗೂ ಅತ್ತಿದ್ದೇನೆ. ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಅಳಲಿಲ್ಲ.

ಅಂದಿನಿಂದ ಈ ಮನೆಯಲ್ಲಿ ಅವಳ ಹೆಸರು ಯಾರೂ ಎತ್ತುವುದಿಲ್ಲ. ಡಿಸೆಂಬರ್ ಮೊದಲ ವಾರ ನನ್ನ ವಿಮಾನ. ನಾನು ಹೋದ ಮೇಲೆ ಅವಳು ಇಲ್ಲಿ ಇದ್ದಳು ಎಂಬುದೇ ಇಲ್ಲವಾಗುತ್ತದೆ. ನನಗೆ ಬೇಕಾದದ್ದು ಒಂದೇ. ಆ ಹೆಸರು ಈ ಗೋಡೆಗಳ ನಡುವೆ ಒಂದು ಸಲ ಕೇಳಬೇಕು. ಅವನ ಬಾಯಿಂದಲೇ ಕೇಳಬೇಕು.

ಬಾಯಲ್ಲಿ ಅಳಿಯನಿಗೆ ರೀ ಅನ್ನುತ್ತೇನೆ. ಇಲ್ಲಿ ಅವನು ಎಂದು ಬರೆಯುತ್ತೇನೆ. ಇದನ್ನು ಯಾರು ಓದಬೇಕು.

ನವೆಂಬರ್ ೯, ಶನಿವಾರ

ವಸುಧಾ ಬಂದಿದ್ದಳು. ಸುಮನ್‌ಳ ಗೆಳತಿ, ಮೈಸೂರಿನವಳು, ಎರಡು ಬೀದಿ ಆಚೆ ಮನೆ. ಬಿಸಿಬೇಳೆಭಾತ್ ತಂದಿದ್ದಳು. ಒಳ್ಳೆಯವಳೇ. ಸುಮನ್ ಮಲಗಿದ್ದಾಗ ವಾರಕ್ಕೆರಡು ಸಲ ಡಬ್ಬಿ ತರುತ್ತಿದ್ದಳು. ಆದರೆ ನನ್ನನ್ನು ಬಂಗಾರಮ್ಮ ಎಂದು ಕರೆಯುತ್ತಾಳೆ. ಬಂಗಾರೆವ್ವ ಅಂದರೆ ನಾಲಿಗೆ ಸವೆಯುತ್ತದೆಯೇ?

ಮುಂದಿನ ಶನಿವಾರ ಸೇತುವೆಯಾಚೆ ಮೌಂಟನ್ ವ್ಯೂ ಎಂಬ ಊರಿನಲ್ಲಿ ಫ್ಲಮೆಂಕೋ ಅಂತೆ. ಸ್ಪೇನ್ ದೇಶದ ಕುಣಿತ. ನಾಲ್ಕು ಸೀಟು ತೆಗೆದಿಟ್ಟಿದ್ದಾಳೆ. ನಮ್ಮ ಕಥಕ್ ಥರಾನೇ ಅಂದಳು. ನಮ್ಮ ರಾಜಸ್ಥಾನದವರೇ ಅಲ್ಲಿಗೆ ಹೊತ್ತುಕೊಂಡು ಹೋದದ್ದಂತೆ. ವಸುಧಾಳ ಲೆಕ್ಕದಲ್ಲಿ ಜಗತ್ತಿನ ಎಲ್ಲವನ್ನೂ ನಮ್ಮವರೇ ಹೊತ್ತುಕೊಂಡು ಹೋಗಿದ್ದಾರೆ. ಹೋದ ತಿಂಗಳು ಪಿಜ್ಜಾಕ್ಕೂ ಹಾಗೇ ಅಂದಿದ್ದಳು.

ಸಾವಾದ ಮನೆಯವರು ಕುಣಿತ ನೋಡಲು ಹೋಗುವುದೇ ಎಂದು ಕೇಳಿದೆ. ಮೆತ್ತಗೇ ಕೇಳಿದೆ. ಇಲ್ಲಿ ಅದನ್ನೆಲ್ಲ ಯಾರೂ ನೋಡಲ್ಲ, ನಿಮಗೂ ಒಂದು ಚೇಂಜ್ ಅಂದಳು. ಚೇಂಜ್. ಮಗಳು ಹೋಗಿದ್ದು ಸಾಲದೇ ಚೇಂಜು?

ತೇಜಸ್ವಿ ಬೇಡ ಅನ್ನುತ್ತಾನೆ ಎಂದುಕೊಂಡಿದ್ದೆ. ಹೋಗೋಣ ಅತ್ತೆ, ಮಾನ್ಯಾಗೂ ಹೊರಗೆ ಹೋದ ಹಾಗಾಗುತ್ತೆ ಅಂದ. ಮುಖ ಫೋನಿನಲ್ಲಿ.

ಬಿಸಿಬೇಳೆಭಾತ್ ಚೆನ್ನಾಗಿತ್ತು. ಅದಕ್ಕೂ ಸಿಟ್ಟು ಬಂತು.

ನವೆಂಬರ್ ೧೨

ಮಾನ್ಯಾ ಬಚ್ಚಲಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಬಹಳ ಹೊತ್ತು ಇದ್ದಳು. ಕೈ ತೊಳೆಯಲು ಅಷ್ಟು ಹೊತ್ತೇ? ಬಾಗಿಲಿಗೆ ಕಿವಿ ಇಟ್ಟೆ. ನೀರಿನ ಕೆಳಗೆ ಇನ್ನೊಂದು ಸದ್ದು.

ಒಂಬತ್ತು ವರ್ಷದ ಹುಡುಗಿ. ಅಳಲು ನಲ್ಲಿ ಬಿಡಬೇಕು ಎಂದು ಕಲಿತಿದ್ದಾಳೆ. ಯಾರು ಕಲಿಸಿದರು? ನಾರ್ಮಲ್ ಮನೆ.

ನವೆಂಬರ್ ೧೫

ನಾಳೆಗೆ ಯಾವ ಸೀರೆ ಎಂದು ವಸುಧಾ ಫೋನ್ ಮಾಡಿ ಕೇಳಿದಳು. ಇದ್ದದ್ದು ಎಂದೆ.

ನವೆಂಬರ್ ೧೭, ಭಾನುವಾರ. ಬೆಳಿಗ್ಗೆ

ಎಲ್ಲ ಬರೆಯಬೇಕು. ಎಲ್ಲಿಂದ...

ಮಧ್ಯಾಹ್ನವೇ ಹೊರಟೆವು. ವಸುಧಾಳ ಕಾರು. ಸೇತುವೆಯ ಮೇಲೆ ಟ್ರಾಫಿಕ್ಕು. ಮಾನ್ಯಾ ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದಳು. ಸಣ್ಣ ಹಾಲ್. ನಮ್ಮೂರ ಮದುವೆ ಕಾರ್ಯಾಲಯದ ಊಟದ ಕೋಣೆಯಷ್ಟು. ಮಡಚುವ ಕುರ್ಚಿ, ಮುಂದೆ ಗಿಡ್ಡ ಕಟ್ಟಿಗೆಯ ವೇದಿಕೆ. ಜನ ಪ್ಲಾಸ್ಟಿಕ್ ಲೋಟದಲ್ಲಿ ವೈನು ಹಿಡಿದು ಕುಳಿತಿದ್ದರು. ನಾವು ಎರಡನೇ ಸಾಲು. ನನ್ನ ಒಂದು ಕಡೆ ವಸುಧಾ, ಇನ್ನೊಂದು ಕಡೆ ಮಾನ್ಯಾ, ಅವಳ ಆಚೆ ತೇಜಸ್ವಿ.

ಮೊದಲು ಒಬ್ಬಳು ಬಂದು ಇಂಗ್ಲಿಷಿನಲ್ಲಿ ಏನೋ ಹೇಳಿದಳು. ವಸುಧಾ ಕಿವಿಯಲ್ಲಿ ಬಿಡಿಸಿ ಹೇಳಿದಳು. ಇಲ್ಲಿ ಸುಮ್ಮನೆ ಕೂರಬಾರದು, ಮನಸ್ಸಿಗೆ ನಾಟಿದರೆ ಕೂಗಬೇಕು, ಓಲೇ ಅನ್ನಬೇಕು, ಕೂಗಿದಷ್ಟೂ ಅವರಿಗೆ ಹುರುಪು ಬರುತ್ತದಂತೆ. ವಸುಧಾ ತಾನೇ ಒಂದು ಸಲ ಓಲೇ ಎಂದು ಪ್ರಾಕ್ಟೀಸ್ ಮಾಡಿದಳು. ಎಲ್ಲರೂ ನಕ್ಕರು.

ಕುಣಿತ ಶುರುವಾಯಿತು. ಒಬ್ಬ ಗಿಟಾರಿನವನು, ಇಬ್ಬರು ಚಪ್ಪಾಳೆಯವರು, ಒಬ್ಬ ಹುಡುಗಿ. ಹುಡುಗಿ ಹಿಮ್ಮಡಿಯಿಂದ ಹಲಗೆ ಕುಟ್ಟಿದಳು. ಮುಖ ಗಂಟು ಹಾಕಿಕೊಂಡು, ಯಾರದೋ ಮೇಲೆ ಹಗೆ ತೀರಿಸುವ ಹಾಗೆ. ಕುರ್ಚಿಯ ಕಾಲು ನಡುಗುತ್ತಿತ್ತು. ಕೆಟ್ಟದ್ದು ಅನ್ನಲಾರೆ. ಆದರೆ ನನಗೇನು ಅದು? ಸುತ್ತಲಿನವರು ಓಲೇ ಓಲೇ ಎಂದು ಕೂಗುತ್ತಿದ್ದರು. ನಾನು ಮೊಣಕಾಲ ಮೇಲೆ ಕೈ ಇಟ್ಟು ಕುಳಿತೆ.

ವೇದಿಕೆಯ ಹಿಂಬದಿಯ ಕುರ್ಚಿಯಲ್ಲಿ ಒಬ್ಬ ಹೆಂಗಸು. ನನ್ನ ವಯಸ್ಸಿನವಳು, ದಪ್ಪ, ಕಪ್ಪು ಶಾಲು. ಜೋಳ ಹಸನು ಮಾಡಲು ಕುಳಿತ ಹಾಗೆ ಕಾಲು ಅಗಲಿಸಿ ಕುಳಿತಿದ್ದಳು. ಕುಣಿತ ಮುಗಿದ ಮೇಲೆ ಕುಣಿಯುವವಳು ಬದಿಗೆ ಹೋದಳು. ದೀಪ ಕಡಿಮೆ ಮಾಡಿದರು. ಆ ಹೆಂಗಸು ಕಣ್ಣು ಮುಚ್ಚಿ, ಎರಡೂ ಕೈ ಮುಂದೆ ಚಾಚಿ, ಆಯ್... ಎಂದಳು.

ಹಾಡು ಅಲ್ಲ ಅದು. ನನಗೆ ಗೊತ್ತು ಅದು ಏನೆಂದು. ಭಾಷೆ ಬಾರದಿದ್ದರೆ ಏನಾಯಿತು. ಆ ಆಯ್ ಮೇಲೆ ಹೋಯಿತು, ಅಲ್ಲಿ ಒಡೆಯಿತು, ಒಡೆದ ಚೂರುಗಳೆಲ್ಲ ಕೆಳಗೆ ಬಂದವು. ಅವಳ ಕುತ್ತಿಗೆಯ ನರ ಬೆರಳಿನಷ್ಟು ದಪ್ಪವಾಗಿತ್ತು. ನಮ್ಮ ಓಣಿಯಲ್ಲಿ ಹೆಣ ಎತ್ತುವ ಹೊತ್ತಿಗೆ ಕೇಳುವ ದನಿ. ಅದೇ.

ಮೈಯೆಲ್ಲ ಉರಿಯಿತು. ದುಃಖಕ್ಕಲ್ಲ, ಸಿಟ್ಟಿಗೆ. ಇದಕ್ಕೆ ಇಲ್ಲಿ ಟಿಕೆಟ್ಟು! ಇದಕ್ಕೆ ವೈನು, ದೀಪ, ಚಪ್ಪಾಳೆ! ಇವಳು ಯಾರಿಗೆ ಅಳುತ್ತಾಳೋ ಗೊತ್ತಿಲ್ಲ, ದಿನಾ ಸಂಜೆ ಅಳಬಹುದು, ಜನ ಇನ್ನೂ ಅಳು ಎನ್ನುತ್ತಾರೆ. ನನ್ನ ಮಗಳು ಪೆಟ್ಟಿಗೆಯಲ್ಲಿ ಮಲಗಿದ್ದಾಗ ನಾನು ಸೆರಗು ಕಚ್ಚಬೇಕಿತ್ತು. ತೇಜಸ್ವಿಯ ಕಡೆ ನೋಡಿದೆ. ವೇದಿಕೆಯನ್ನೇ ನೋಡುತ್ತಿದ್ದ. ಇಲ್ಲಿ ಎಲ್ಲರೂ ನೋಡುತ್ತಿದ್ದಾರೆ ಎಂದು ಅವಳಿಗೆ ಹೋಗಿ ಹೇಳಲಿಲ್ಲ.

ಅವಳು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಳು. ಗಿಟಾರೂ ನಿಂತಿತು. ನನ್ನ ಬಾಯಿ ತೆರೆಯಿತು.

“ರೊಟ್ಟಿ ಹಂಚಿನ ಮ್ಯಾಲಿಂದ ಕಸಗೊಂಡ ಓಡಾಕಿ ನನ್ನವ್ವಾ, ಹಸದ ಹೊಟ್ಟಿಲೆ ಎಲ್ಲಿ ಹೋದಿ...”

ಕೊನೆಯ ವಾರ ಅವಳಿಗೆ ಒಂದು ಚಮಚ ಗಂಜಿಯೂ ಇಳಿದಿರಲಿಲ್ಲ. ಅದು ಮೊದಲು ಬಂತು. ವಸುಧಾ ನನ್ನ ಸೆರಗು ಜಗ್ಗಿದಳು. ನಿಲ್ಲಲಿಲ್ಲ.

“ಮಾನ್ಯಾನ ಜಡಿ ಅರ್ಧಕ್ಕ ಬಿಟ್ಟಿ ನನ್ನವ್ವಾ, ಉಳದದ್ದ ಯಾರ ಹಾಕ್ಯಾರ...”

ಹಿಂದಿನಿಂದ ಯಾರೋ ಓಲೇ ಅಂದರು. ಆಮೇಲೆ ಇನ್ನೊಬ್ಬರು. ಗಿಟಾರಿನವನು ನನ್ನ ಕಡೆ ಬಗ್ಗಿ, ನನ್ನ ದನಿ ಹುಡುಕುತ್ತ ತಂತಿ ಮೀಟತೊಡಗಿದ. ಅವರು ಇದನ್ನೂ ಆಟದ ಒಂದು ಭಾಗ ಎಂದುಕೊಂಡಿದ್ದರು. ಹುರುಪು ಬಂದು ಕೂಗಿದಳು, ಬೇರೆ ದೇಶದವಳು, ಎಷ್ಟು ಚೆಂದ ಎಂದು ಅವರ ಲೆಕ್ಕ. ನನ್ನ ಸಿಟ್ಟು ಇನ್ನೂ ಏರಿತು, ದನಿಯೂ ಏರಿತು.

“ನಿಮ್ಮಣ್ಣ ಅಪ್ಪಾಸಾಹೇಬ ಫೋನ್ ಹಿಡಕೊಂಡ ಕುಂತಾನ ನನ್ನವ್ವಾ, ಹಲೋ ಅನ್ನವರ ಯಾರ... ಗೆಳತಿ ವಸುಧಾ ಡಬ್ಬಿ ಹಿಡದ ಬಾಗಲಾಗ ನಿಂತಾಳ ನನ್ನವ್ವಾ, ಬಾ ಒಳಗ ಅನ್ನವರ ಯಾರ... ಹಡದಾಕಿ ಪರದೇಶದಾಗ ಬಾಯಿ ಕಟಗೊಂಡ ಕುಂತೇನಿ ನನ್ನವ್ವಾ, ಅಳಬ್ಯಾಡ ಅನ್ನವರ ಎಲ್ಲಾರೂ...”

ಅಷ್ಟಕ್ಕೆ ದನಿ ಒಡೆಯಿತು. ಚಪ್ಪಾಳೆ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಹಿಂದಿನ ಸಾಲಿನ ಬಿಳಿ ಗಡ್ಡದವನು ಭುಜ ತಟ್ಟಿ ಬ್ಯೂಟಿಫುಲ್ ಅಂದ. ಬ್ಯೂಟಿಫುಲ್ ಅಂತೆ. ಕೈ ಜಾಡಿಸಿದೆ. ಆ ಕಪ್ಪು ಶಾಲಿನವಳು ಮಾತ್ರ ಚಪ್ಪಾಳೆ ಹೊಡೆಯಲಿಲ್ಲ. ನನ್ನನ್ನು ನೋಡುತ್ತ ಕುಳಿತಿದ್ದಳು. ಆಮೇಲೆ ಎದ್ದು ಒಳಗೆ ಹೋಗಿ ನೀರು ಕುಡಿದು ಬಂದಳು.

ತೇಜಸ್ವಿ ಏನಾದರೂ ಅನ್ನುತ್ತಾನೆ ಎಂದು ಕಾದೆ. ಅನ್ನಲಿಲ್ಲ. ಕಾರಿನಲ್ಲಿ ವಸುಧಾ ಒಬ್ಬಳೇ ಮಾತಾಡಿದಳು. ಮಾನ್ಯಾ ಹೆಡ್‌ಫೋನ್ ಹಾಕಿಕೊಳ್ಳಲಿಲ್ಲ.

“ಅಜ್ಜಿ, ದೇ ಥಾಟ್ ಯು ವರ್ ಇನ್ ದ ಶೋ,” ಅಂದಳು. ಆಮೇಲೆ, “ಐ ಡಿಡಂಟ್,” ಅಂದಳು.

ನವೆಂಬರ್ ೧೮

ವಸುಧಾ ಫೋನ್ ಮಾಡಿದಳು. ಅಳುತ್ತಲೇ ಮಾತಾಡಿದಳು, ನನ್ನ ಹೆಸರು ಎತ್ತಿದಿರಲ್ಲ, ನಿದ್ದೆ ಬರಲಿಲ್ಲ ಎಂದು. ಮನಸ್ಸು ಕರಗುವುದರಲ್ಲಿತ್ತು. ಅಷ್ಟರಲ್ಲಿ ಅಂದಳು, ಜನವರಿಯಲ್ಲಿ ನಮ್ಮ ಕನ್ನಡ ಕೂಟದ ಕಾರ್ಯಕ್ರಮ ಇದೆ, ಜನಪದದ ಐಟಂ ಯಾರೂ ಸಿಕ್ಕಿಲ್ಲ, ನೀವು ಟಿಕೆಟ್ ಮುಂದಕ್ಕೆ ಹಾಕಿಸಿಕೊಂಡರೆ...

ಫೋನ್ ಇಟ್ಟೆ. ಕೆಟ್ಟವಳಲ್ಲ ಎಂದು ಗೊತ್ತು. ಅದಕ್ಕೇ ಕೆಟ್ಟ ಮಾತು ಬರುವ ಮೊದಲು ಇಟ್ಟೆ.

ಐಟಂ.

ನವೆಂಬರ್ ೨೦, ಬುಧವಾರ

ಇವತ್ತು ತೇಜಸ್ವಿ ಮನೆಯಿಂದಲೇ ಕೆಲಸ. ಹನ್ನೊಂದಕ್ಕೆ ಅಡಿಗೆಮನೆಗೆ ಬಂದ. ನಾನು ಬದನೆಕಾಯಿ ಹೆಚ್ಚುತ್ತಿದ್ದೆ. ಕಾಫಿ ಮೆಶಿನ್ ಹತ್ತಿರ ನಿಂತ, ಕಾಫಿ ಮಾಡಲಿಲ್ಲ. ಬೈಯಲು ಬಂದಿದ್ದಾನೆ ಎಂದುಕೊಂಡೆ. ಬೈಯಲಿ. ಉತ್ತರ ಸಿದ್ಧ ಮಾಡಿಟ್ಟಿದ್ದೆ ಶನಿವಾರದಿಂದ.

“ಅತ್ತೆ, ಅವತ್ತು ನೀವು ಎಲ್ಲರ ಹೆಸರೂ ಹೇಳಿದ್ರಿ. ವಸುಧಾ ಹೆಸರು ಕೂಡ ಬಂತು,” ಅಂದ. “ನನ್ನ ಹೆಸರು ಬರಲಿಲ್ಲ.”

ಕೈ ನಿಂತಿತು. ನಮ್ಮ ಕಡೆಯ ಮಾತು ಇವನಿಗೆ ಅರ್ಥವಾಗುವುದಿಲ್ಲ ಎಂದೇ ಹತ್ತು ವರ್ಷ ತಿಳಿದಿದ್ದೆ. ಸುಮನ್ ನನ್ನೊಡನೆ ಫೋನಿನಲ್ಲಿ ಮಾತಾಡುವಾಗ ಪಕ್ಕದಲ್ಲೇ ಕುಳಿತಿರುತ್ತಿದ್ದ. ಕೇಳಿಸಿಕೊಂಡೇ ಕಲಿತಿದ್ದಾನೆ.

ಹೆಸರು ತಾನಾಗಿ ಬಿಟ್ಟುಹೋದದ್ದಲ್ಲ. ನಾಲಿಗೆಯ ತುದಿಗೆ ಬಂದಿತ್ತು, ನುಂಗಿದೆ. ನಮ್ಮಲ್ಲಿ ಅಳುವಾಗ ಒಬ್ಬರ ಹೆಸರು ಬಿಟ್ಟರೆ ಅದು ಬೈಗಳಕ್ಕಿಂತ ದೊಡ್ಡದು. ನನ್ನ ಗಂಡ ಸತ್ತಾಗ ಅವರ ತಂಗಿ ದ್ಯಾಮವ್ವನ ಹೆಸರನ್ನು ನನ್ನ ಅತ್ತೆ ಬಿಟ್ಟರು. ದ್ಯಾಮವ್ವ ಅಂದು ಎದ್ದು ಹೋದವಳು ಆ ಹೊಸ್ತಿಲು ಮತ್ತೆ ತುಳಿಯಲಿಲ್ಲ. ಇವನಿಗೆ ಅದೆಲ್ಲ ಗೊತ್ತಿರಲು ಸಾಧ್ಯವಿಲ್ಲ. ಆದರೂ ಸರಿಯಾದ ಜಾಗಕ್ಕೇ ಪೆಟ್ಟು ಬಿದ್ದಿದೆ.

“ಬಾಯಿ ಮುಚ್ಚಿಸಿದವರ ಹೆಸರು ಬಾಯಾಗ ಹೆಂಗ ಬರ್ತದ್ರಿ?” ಅಂದೆ.

ಅವನ ಎದುರು ಅಷ್ಟು ಗಟ್ಟಿ ಮಾತು ಯಾವತ್ತೂ ಆಡಿರಲಿಲ್ಲ. ಚಾಕು ಕೆಳಗಿಟ್ಟು ಎಲ್ಲ ಅಂದೆ. ಚಪ್ಪಲಿ ಅಂದೆ. ಚೀಲ ಅಂದೆ. ಆ ಹಾಲ್ ಅಂದೆ. ನಿಮ್ಮ ಮಗಳು ನಲ್ಲಿ ಬಿಟ್ಟು ಅಳುತ್ತಾಳೆ, ಗೊತ್ತೇನು ಎಂದು ಕೇಳಿದೆ. ಹೆಂಡತಿಯ ಹೆಸರು ಹೇಳಲು ನಾಚಿಕೆಯೇ ಎಂದು ಕೇಳಿದೆ.

ಅವನು ಖಾಲಿ ಕಪ್ಪನ್ನು ಸಿಂಕಿನಲ್ಲಿಟ್ಟ.

“ಅವತ್ತು ಪೆಟ್ಟಿಗೆ ಹತ್ತಿರ ನೀವು ಶುರು ಮಾಡಿದ್ದಿದ್ರೆ ನಾನು ಅಲ್ಲೇ ಕುಸಿದುಬಿಡ್ತಿದ್ದೆ ಅತ್ತೆ. ಮಾನ್ಯಾ ನನ್ನ ಕೈ ಹಿಡ್ಕೊಂಡಿದ್ಲು,” ಅಂದ.

ಆಗಲೂ ಹೆಸರು ಹೇಳಲಿಲ್ಲ. ಮೇಲೆ ಮೀಟಿಂಗು ಕರೆಯಿತು, ಹೋದ.

ಬದನೆಕಾಯಿ ಕಪ್ಪಾಗಿದ್ದವು. ಹಾಗೇ ಪಲ್ಯ ಮಾಡಿದೆ.

ನವೆಂಬರ್ ೨೫

ನಾಲ್ಕು ದಿನ ಬರೆಯಲಿಲ್ಲ. ಬರೆಯಲು ಏನಿದೆ. ಅವನು ಬರುತ್ತಾನೆ, ಉಣ್ಣುತ್ತಾನೆ, ತಟ್ಟೆ ತೊಳೆದಿಡುತ್ತಾನೆ. ನಾನು ಬಡಿಸುತ್ತೇನೆ. ಇಬ್ಬರೂ ಮಾನ್ಯಾಳ ಮೂಲಕ ಮಾತಾಡುತ್ತೇವೆ. ನಿಮ್ಮಪ್ಪನಿಗೆ ಮೊಸರು ಬೇಕೇನು ಕೇಳು.

ಸಿಟ್ಟು ಇಳಿದಿಲ್ಲ. ಆದರೆ ಆ ಮಾತು ಹೋಗುತ್ತಿಲ್ಲ. ನನ್ನ ಹೆಸರು ಬರಲಿಲ್ಲ. ಅಷ್ಟು ಓದಿದವನು, ನಲವತ್ತೆರಡು ವರ್ಷದವನು, ಬಂದು ನಿಂತು ಅದನ್ನು ಕೇಳಿದ. ನನ್ನ ಬಾಯಿ ಮುಚ್ಚಿಸಿದವನೇ ಈಗ ಅದೇ ಅಳುವಿನಲ್ಲಿ ತನ್ನ ಪಾಲು ಕೇಳುತ್ತಿದ್ದಾನೆ. ಎಷ್ಟು ಧೈರ್ಯ.

ಸಂಜೆ ಮಾನ್ಯಾ ಅತ್ತಳು. ಸೋಫಾದ ಮೇಲೆ, ಎಲ್ಲರ ಎದುರು. ಯಾರೂ ಬೇಡ ಅನ್ನಲಿಲ್ಲ. ಅವನು ಹೋಗಿ ಪಕ್ಕ ಕುಳಿತ.

ನವೆಂಬರ್ ೨೭, ಬುಧವಾರ

ಇವತ್ತು ಪಾತ್ರೆ ತೊಳೆಯುವಾಗ ಅವನ ಹೆಸರಿನ ಸೊಲ್ಲು ಕಟ್ಟಲು ನೋಡಿದೆ. ಯಾಕೆ ನೋಡಿದೆನೋ. ಬರಲಿಲ್ಲ. ನಿನ್ನ ಗಂಡ ತೇಜಸ್ವಿ ಎಂದು ಶುರು ಮಾಡಿದೆ. ಮುಂದೆ? ಹಾಡ್ಯಾಡಿ ಅಳಲು ಬರೀ ಹೆಸರು ಸಾಲದು. ಸತ್ತವಳು ಅವನಿಗೆ ಏನು ಮಾಡುತ್ತಿದ್ದಳು, ಈಗ ಯಾವುದು ನಿಂತುಹೋಯಿತು, ಅದು ಬೇಕು. ಮಾನ್ಯಾಗೆ ಜಡೆ ಇದೆ. ಅಪ್ಪಾಸಾಹೇಬನಿಗೆ ಫೋನ್ ಇದೆ. ಇವನಿಗೆ ಏನು? ಅವರಿಬ್ಬರ ನಡುವೆ ಏನಿತ್ತು, ನನಗೆ ಏನೂ ಗೊತ್ತಿಲ್ಲ. ಮದುವೆಯಲ್ಲಿ ಅಕ್ಕಿ ಹಾಕಿದ್ದು, ಆಮೇಲೆ ಫೋನಿನಲ್ಲಿ ಮುಖ ನೋಡಿದ್ದು. ಜೂನ್‌ನಲ್ಲಿ ಬಂದಾಗ ಅವಳು ಹಾಸಿಗೆ ಹಿಡಿದಾಗಿತ್ತು.

ಇದಕ್ಕೂ ಅವನ ಮೇಲೇ ಸಿಟ್ಟು.

ನವೆಂಬರ್ ೨೮, ಗುರುವಾರ. ಥ್ಯಾಂಕ್ಸ್‌ಗಿವಿಂಗ್

ಇಲ್ಲಿಯವರ ದೊಡ್ಡ ಹಬ್ಬ, ಎಲ್ಲ ಕಡೆ ರಜೆ. ಬೀದಿಯಲ್ಲಿ ಒಂದು ಕಾರಿಲ್ಲ. ಪಕ್ಕದ ಮನೆಯವರ ನೆಂಟರು ಹಿತ್ತಲಲ್ಲಿ ನಗುತ್ತಿದ್ದಾರೆ. ವಸುಧಾ ಊಟಕ್ಕೆ ಕರೆದಿದ್ದಳು, ಇವನು ಬೇಡ ಅಂದನಂತೆ.

ಜೋಳದ ರೊಟ್ಟಿ ಬಡಿದೆ. ಮೂವರೂ ಅಡಿಗೆಮನೆಯಲ್ಲೇ ಕುಳಿತೆವು. ಉಂಡಾದ ಮೇಲೆ ಅವನಿಗೆ ನೇರವಾಗಿ ಕೇಳಿದೆ, ಮಾನ್ಯಾಳ ಮೂಲಕ ಅಲ್ಲ.

“ಆಕಿ ನಿಮಗೇನ ಮಾಡತಿದ್ಳು, ಹೇಳ್ರಿ. ಗೊತ್ತಿಲ್ಲದ ನಾ ಹೆಂಗ ಅಳ್ಳಿ?”

ಸಿಟ್ಟಿನಲ್ಲೇ ಕೇಳಿದೆ. ಜಗಳ ತೆಗೆದ ಹಾಗೇ ಕೇಳಿತ್ತು. ಮಾನ್ಯಾ ನನ್ನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು. ಅವನು ತಟ್ಟೆ ಆಚೆ ಸರಿಸಿದ. ಎದ್ದು ಹೋಗುತ್ತಾನೆ ಎಂದುಕೊಂಡೆ.

“ಕನ್ನಡಕ,” ಅಂದ. “ಆಫೀಸಿಂದ ಬಂದ ತಕ್ಷಣ ನನ್ನ ಕನ್ನಡಕ ಕಿತ್ಕೊಂಡು ಒರೆಸ್ತಿದ್ಲು. ಏನ್ ನೋಡ್ಕೊಂಡು ಕಾರ್ ಓಡಿಸ್ತೀಯೋ ಅಂತ. ದಿನಾ. ಚೆನ್ನಾಗೇ ಇದ್ರೂ ಒರೆಸ್ತಿದ್ಲು. ಸುಮನ್...”

ಅಲ್ಲಿಗೆ ನಿಂತಿತು. ಹೆಸರು ಹೇಳಿದ. ಮಾನ್ಯಾ “ವಿತ್ ಹರ್ ದುಪಟ್ಟಾ,” ಎಂದು ಸೇರಿಸಿದಳು. ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಗಾಜಿನ ತುಂಬ ಕಲೆ. ಇಷ್ಟು ದಿನ ಎದುರಿಗೇ ಇತ್ತು, ನಾನು ನೋಡಿರಲಿಲ್ಲ.

ಈಗ ಹೇಳಿ ಅತ್ತೆ, ಇಲ್ಲೇ ಅಂದ. ತಡೀರಿ ಎಂದು ಕೋಣೆಗೆ ಬಂದಿದ್ದೇನೆ. ಸೊಲ್ಲು ಕೂಡಿಸಬೇಕು. ಪೆನ್ನು ಹಿಡಿದರೆ ಕೂಡುತ್ತದೇನೋ ಎಂದು ಬರೆಯುತ್ತಿದ್ದೇನೆ.

ಕನ್ನಡಕ ಒರಸಾಕಿ ಕಣ್ಣ ಮುಚ್ಚಿದಿ ನನ್ನವ್ವಾ, ನಿನ್ನ ತೇಜಸ್ವಿ ಯಾರ ಕಣ್ಣಿಲೆ...

ಬಂತು. ಬರುತ್ತಿದೆ. ಸಿಟ್ಟು ಹಾಗೇ ಇದೆ, ಅದಿದ್ದರೇ ದನಿ ಏಳುತ್ತದೆ. ಹೊರಗೆ ಏನು ಸದ್ದು... ಕಿಟಕಿ. ಒಂದೊಂದಾಗಿ ಕಿಟಕಿ ಮುಚ್ಚುತ್ತಿದ್ದಾನೆ. ಪಕ್ಕದವರು ಕೇಳುತ್ತಾರೆಂದು. ಈಗಲೂ! ಯಾಕ ಮುಚ್ಚತೀರಿ, ತೆಗೀರಿ ಎಲ್ಲಾ ಅನ್ನಬೇಕು. ಓಣಿಗೆಲ್ಲ ಕೇಳಲಿ. ಎದ್ದು ಹೋಗಿ ನಾನೇ ತೆಗೆದು, ಅಲ್ಲೇ ಶುರು ಮಾಡುತ್ತೇನೆ.